ತೆಂಗಿನ ಸಾಲು, ಕೋವಿ ಮತ್ತು ದೂರದ ಲೆಕ್ಕ

ಕೊಬ್ಬರಿ ರೇಟು, ನುಸಿ ಪೀಡೆ, ಬೋರ್‌ವೆಲ್ ಅಂತ ಬರೆದೂ ಬರೆದೂ ನನಗೂ ಸಾಕಾಗಿದೆ, ಓದಿ ನಿಮಗೂ ಸಾಕಾಗಿರುತ್ತೆ. ಇವತ್ತು ಕೋವಿ ವಿಷಯ. ಯಾಕೆ ಅಂದ್ರೆ ಹಂದಿ ಕಾಟ, ಚಿರತೆ ಭಯ ಜಾಸ್ತಿ ಆದ ಮೇಲೆ ನಮ್ಮ ಕಡೆ ಅರಳಿಕಟ್ಟೆ ಮೇಲೆ ಕೂತ್ರೆ ಸಾಕು, ಯಾರಾದ್ರೂ ಒಬ್ಬರು "ಒಂದು ಒಳ್ಳೆ ರೈಫಲ್ ಇದ್ದಿದ್ರೆ, ದೂರದಿಂದ್ಲೇ ಮುಗಿಸಬಹುದಿತ್ತು" ಅಂತಾರೆ. ಹುಡುಗರು ಮೊಬೈಲಲ್ಲಿ ಯಾವುದೋ ದೇಶದವರು ಸಾವಿರ ಗಜ ಹೊಡೆಯೋ ವಿಡಿಯೋ ತೋರಿಸ್ತಾರೆ. ದೂರಕ್ಕೆ ಹೊಡೆಯೋ ವಿದ್ಯೆ ಹೇಗೆ ಬೆಳೀತು, ನಮ್ಮ ನಾಡಿಗೆ ಎಷ್ಟು ಬಂತು, ಎಷ್ಟು ಬರದ ಹಾಗೆ ತಡೆದ್ರು, ನಮ್ಮ ತೋಟಕ್ಕೆ ಅದು ಆಗಿಬರುತ್ತಾ ಅನ್ನೋದನ್ನ ತಿಳಿದಷ್ಟು ಬರೀತೀನಿ.

ಮೊದಲು ಅಳತೆ ಸರಿ ಮಾಡ್ಕೊಳ್ಳೋಣ. ನಮ್ಮಲ್ಲಿ ತೆಂಗು ನೆಡೋದು ಸಾಮಾನ್ಯವಾಗಿ 30 ಅಡಿ ಅಂತರಕ್ಕೆ. ಅಂದ್ರೆ ಒಂದೇ ಸಾಲಲ್ಲಿ ಹತ್ತು ಅಂತರ ದಾಟಿದ್ರೆ 300 ಅಡಿ, ಸರಿಯಾಗಿ 100 ಗಜ. ಬಂದೂಕಿನ ಇತಿಹಾಸದಲ್ಲಿ ಬರೋ ದೂರ ಎಲ್ಲಾ ಗಜದ ಲೆಕ್ಕವೇ. ಹಾಗಾಗಿ ಕೆಳಗೆ ಎಲ್ಲೆಲ್ಲಿ ಗಜ ಅಂತ ಬರುತ್ತೋ ಅಲ್ಲಿ ನಿಮ್ಮ ತೋಟದ ಸಾಲನ್ನ ಮನಸ್ಸಿನಲ್ಲಿ ಇಟ್ಕೊಂಡು ಓದಿ.

ಹಳೇ ಕಾಲದ ಬಂದೂಕಿನ ನಳಿಗೆ ಒಳಗಡೆ ನುಣುಪು. ಬಾಯಿಂದ ಮದ್ದು ತುಂಬಿ, ಸೀಸದ ಗುಂಡು ಹಾಕಿ, ಗಜಕಡ್ಡಿಯಲ್ಲಿ ಜಡಿದು ಹೊಡೀಬೇಕು. ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದಿರಬೇಕು, ಇಲ್ಲದಿದ್ರೆ ಇಳಿಯಲ್ಲ. ಸಣ್ಣದಿದ್ರೆ ಹೊರಗೆ ಬರುವಾಗ ಆ ಕಡೆ ಈ ಕಡೆ ತಾಗ್ತಾ ಬರುತ್ತೆ. ಕೊನೆಗೆ ಯಾವ ಕಡೆ ತಾಗಿತೋ ಅದರ ಮೇಲೆ ಅದು ಹೋಗೋ ದಿಕ್ಕು. ಹಾಗಾಗಿ 100 ಗಜದಲ್ಲಿ ಒಬ್ಬ ಮನುಷ್ಯನಿಗೆ ತಗುಲೋದೂ ಅದೃಷ್ಟದ ಮಾತೇ. ಸೈನ್ಯಗಳು ಸಾಲಾಗಿ ನಿಂತು ಒಟ್ಟಿಗೆ ಹೊಡೀತಾ ಇದ್ದದ್ದು ಅದಕ್ಕೇ. ಗುರಿ ಇಲ್ಲದ ಕಡೆ ಸಂಖ್ಯೆಯಲ್ಲಿ ಸರಿದೂಗಿಸೋದು. ನಮ್ಮ ಹಳ್ಳಿ ಭಾಷೇಲಿ ಹೇಳೋದಾದ್ರೆ ಆ ಬಂದೂಕು ಕೂಗಳತೆಯ ಆಯುಧ. ಕೂಗಿದ್ರೆ ಕೇಳೋವಷ್ಟು ದೂರದಾಚೆ ಅದಕ್ಕೆ ಕೆಲಸ ಇಲ್ಲ.

ಆ ಕಾಲದಲ್ಲಿ ದೂರ ಅಂದ್ರೆ ಮೈಸೂರಿನವರ ಕೈಯಲ್ಲಿ ಇದ್ದದ್ದು ರಾಕೆಟ್. ಹೈದರಾಲಿ, ಟಿಪ್ಪು ಕಾಲದ ಬಾಣ ಅಂದ್ರೆ ಕಬ್ಬಿಣದ ಕೊಳವೆ. ಅದರೊಳಗೆ ಮದ್ದು, ಕೊಳವೆಗೆ ಕಟ್ಟಿದ ಉದ್ದನೆ ಬಿದಿರು. ಯೂರೋಪಿನವರ ಬಾಣದ ಕೊಳವೆ ಕಾಗದದ್ದಾಗಿದ್ದಾಗ ಇಲ್ಲಿಯದು ಕಬ್ಬಿಣದ್ದು, ಒಳಗಿನ ಒತ್ತಡ ತಡ್ಕೊಳ್ಳೋದು. ಹತ್ತಿರ ಹತ್ತಿರ ಎರಡು ಕಿಲೋಮೀಟರ್ ತನಕ ಹೋಗ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರಿಗೆ ಇದರ ಬಿಸಿ ಚೆನ್ನಾಗಿ ಮುಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳನ್ನ ಇಂಗ್ಲೆಂಡಿಗೆ ಸಾಗಿಸಿದ್ರು. ಅದನ್ನ ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಳೇ ಬಾವಿಯಿಂದ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ ತೆಗೆದದ್ದು ನೀವೂ ಪೇಪರಲ್ಲಿ ಓದಿರ್ತೀರ. ಆದ್ರೆ ರಾಕೆಟ್‌ಗೂ ಗುರಿ ಇಲ್ಲ. ದಂಡಿನ ಮೇಲೆ ಬಿಡಬಹುದು, ಒಂದು ಕಾಯಿಗೆ ಹೊಡೆಯೋಕೆ ಆಗಲ್ಲ.

ದೂರವೂ ಬೇಕು, ಗುರಿಯೂ ಬೇಕು ಅಂದಾಗ ಬಂದದ್ದು ರೈಫಲ್. ರೈಫಲ್ ಅನ್ನೋ ಹೆಸರೇ ನಳಿಗೆಯೊಳಗೆ ಕೊರೆದ ಸುರುಳಿ ಗೆರೆಯಿಂದ ಬಂದದ್ದು. ಆ ಗೆರೆ ಗುಂಡನ್ನ ತಿರುಗಿಸುತ್ತೆ. ಬುಗುರಿ ನೆನೆಸಿಕೊಳ್ಳಿ. ತಿರುಗದ ಬುಗುರಿ ನಿಲ್ಲಲ್ಲ, ಜೋರಾಗಿ ತಿರುಗೋ ಬುಗುರಿ ಅಲುಗಾಡಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ಬಹಳ ವರ್ಷ ನೋಡಿದ ತ್ರೀ ನಾಟ್ ತ್ರೀ ರೈಫಲ್ಲಿನ ನಳಿಗೆಯಲ್ಲಿ ಪ್ರತಿ 10 ಇಂಚಿಗೆ ಒಂದು ಸುತ್ತು. ಗುಂಡು ಸೆಕೆಂಡಿಗೆ 2440 ಅಡಿ ವೇಗದಲ್ಲಿ ಹೊರಬೀಳುತ್ತೆ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 2900 ಸುತ್ತು ದಾಟುತ್ತೆ.

ರೈಫಲ್ ಹಳೇ ವಿದ್ಯೆಯೇ. ಆದ್ರೆ ಗೆರೆ ಕೊರೆದ ನಳಿಗೆಗೆ ಬಿಗಿಯಾದ ಗುಂಡನ್ನ ಬಾಯಿಂದ ಇಳಿಸೋದು ನಿಧಾನದ ಕೆಲಸ ಆಗಿತ್ತು. 1840ರ ದಶಕದಲ್ಲಿ ಫ್ರಾನ್ಸಿನ ಮಿನಿಯೇ ಅನ್ನೋನು ಬುಡದಲ್ಲಿ ಟೊಳ್ಳಿರುವ ಗುಂಡು ತಂದ. ಅದು ಸುಲಭವಾಗಿ ಇಳಿಯುತ್ತೆ, ಹೊಡೆದಾಗ ಬುಡ ಅರಳಿ ಗೆರೆಗೆ ಕಚ್ಕೊಳ್ಳುತ್ತೆ. ಅದೇ ದಾರಿಯಲ್ಲಿ ಬಂದದ್ದು 1853ರ ಎನ್‌ಫೀಲ್ಡ್. ಅದರ ಗುರಿಪಟ್ಟಿಯಲ್ಲಿ 900 ಗಜದವರೆಗೆ ಗುರುತು. ನಮ್ಮ ಲೆಕ್ಕದಲ್ಲಿ ತೆಂಗಿನ ಸಾಲಿನ 90 ಅಂತರ! ಅದೇ 1853ರಲ್ಲಿ ಇಂಗ್ಲೆಂಡಿನ ಹೈತ್ ಅನ್ನೋ ಊರಲ್ಲಿ ಬಂದೂಕು ಶಾಲೆ ಶುರುವಾಯ್ತು. ಅಲ್ಲಿ ಗುಂಡು ಹೊಡೆಯೋದರ ಜೊತೆಗೆ ಕಣ್ಣಳತೆಯಲ್ಲಿ ದೂರ ಹೇಳೋದನ್ನೂ ಪಾಠವಾಗಿ ಕಲಿಸ್ತಿದ್ರು. ಎದುರಿನ ಮನುಷ್ಯನ ಮುಖ ಎಷ್ಟು ದೂರದಲ್ಲಿ ಕಾಣುತ್ತೆ, ಕೈಕಾಲು ಎಲ್ಲಿವರೆಗೆ ಬೇರೆಬೇರೆಯಾಗಿ ಕಾಣುತ್ತೆ ಅಂತ ನೋಡಿ ಹೇಳಿಸಿ, ಆಮೇಲೆ ನಿಜವಾದ ದೂರದ ಜೊತೆ ಹೋಲಿಸೋದು.

ಅಷ್ಟು ಮುಖ್ಯ ಯಾಕೆ ಅಂದ್ರೆ, ಗುಂಡು ನೇರಕ್ಕೆ ಹೋಗಲ್ಲ, ಬೀಳ್ತಾ ಹೋಗುತ್ತೆ. ಮರದಿಂದ ಕಾಯಿ ಯಾವ ಲೆಕ್ಕದಲ್ಲಿ ಬೀಳುತ್ತೋ ಗುಂಡೂ ಅದೇ ಲೆಕ್ಕದಲ್ಲಿ ಬೀಳುತ್ತೆ. ಭೂಮಿ ಎರಡಕ್ಕೂ ಒಂದೇ. ತ್ರೀ ನಾಟ್ ತ್ರೀ ಗುಂಡು 100 ಗಜ ಹೋಗೋದ್ರೊಳಗೆ ಮೂರು ಇಂಚು ಇಳಿಯುತ್ತೆ. 500 ಗಜಕ್ಕೆ, ಗಾಳಿಯ ತಡೆಯನ್ನ ಬಿಟ್ಟು ಲೆಕ್ಕ ಹಾಕಿದ್ರೂ, ಆರು ಅಡಿ. ತಡೆ ಸೇರಿಸಿದ್ರೆ ಇನ್ನೂ ಜಾಸ್ತಿ. ಅಂದ್ರೆ 400 ಗಜದ್ದನ್ನ 500 ಅಂತ ತಿಳಿದ್ರೆ ಗುಂಡು ತಲೆ ಮೇಲೆ ಹೋಯ್ತು, 500ರದ್ದನ್ನ 400 ಅಂದ್ರೆ ಮುಂದೆ ಮಣ್ಣಿಗೆ ಬಿತ್ತು. ಇನ್ನು ಅಡ್ಡಗಾಳಿ. ಅದನ್ನ ಗುರಿಕಾರರು ಹುಲ್ಲು, ಬಾವುಟ, ಮರದ ಎಲೆ ನೋಡಿ ಅಂದಾಜು ಮಾಡ್ತಾರೆ. ಆಷಾಢದಲ್ಲಿ ನಮ್ಮ ತೆಂಗಿನ ಗರಿ ಹೇಗೆ ಒಂದೇ ಕಡೆ ವಾಲಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದ್ರೆ ಹೊಡೆಯೋನ ಹತ್ತಿರದ ಗಾಳಿ ಒಂದು ಥರ, ನಡುವೆ ಇರೋ ಹಳ್ಳದಲ್ಲಿ ಇನ್ನೊಂದು ಥರ. ಇದನ್ನ ಓದೋಕೆ ಕಲಿಯಲು ವರ್ಷಗಳೇ ಬೇಕು.

ಕೈಯ ವಿಷಯವೂ ಅಷ್ಟೇ. ಬಂದೂಕಿನ ಹಿಂದಿನ ಮುಂದಿನ ಗುರಿಮೊನೆಗಳ ನಡುವೆ ಅರ್ಧ ಮೀಟರ್ ಇದೆ ಅಂತಿಟ್ಕೊಳ್ಳಿ. ಮುಂದಿನದು 1 ಮಿಲಿಮೀಟರ್ ಸರಿದ್ರೆ 100 ಗಜದಲ್ಲಿ 18 ಸೆಂಟಿಮೀಟರ್ ತಪ್ಪುತ್ತೆ. ಸುಲಿದ ಕಾಯಿ ಅಡ್ಡಗಲ ಒಂದು ಗೇಣೂ ಇಲ್ಲ. ಹಾಗಾಗಿ ಉಸಿರು ಅರ್ಧ ಬಿಟ್ಟು ತಡೆಯೋದು, ಕುದುರೆಯನ್ನ ಜಗ್ಗದೆ ಮೆಲ್ಲಗೆ ಒತ್ತೋದು, ಹೊಡೆದ ಮೇಲೂ ಅಲುಗದೆ ಇರೋದು, ಇವನ್ನ ಗುಂಡೇ ಇಲ್ಲದ ಖಾಲಿ ಬಂದೂಕಲ್ಲಿ ಸಾವಿರ ಸಲ ಮಾಡಿಸ್ತಾರೆ. ವಿಡಿಯೋದಲ್ಲಿ ಕಾಣೋದು ಕೊನೇ ಒಂದು ಸೆಕೆಂಡು.

ಈಗ ನಮ್ಮ ಇತಿಹಾಸಕ್ಕೆ ಬರೋಣ. 1857ರ ದಂಗೆಗೆ ಕಿಡಿ ಹತ್ತಿದ್ದು ಈ ಎನ್‌ಫೀಲ್ಡಿನ ಕೊಬ್ಬು ಸವರಿದ ತೋಟಾದಿಂದ ಅಂತ ಶಾಲೆಯಲ್ಲಿ ಓದಿದ್ದೀವಿ. ಆಮೇಲೆ ಏನಾಯ್ತು ಅನ್ನೋದನ್ನ ಯಾರೂ ಹೇಳ್ಲಿಲ್ಲ. ದಂಗೆ ಅಡಗಿದ ಮೇಲೆ ಭಾರತದ ಸಿಪಾಯಿಗಳಿಗೆ ಅಂತಲೇ ನೋಡೋಕೆ ಎನ್‌ಫೀಲ್ಡ್ ಥರಾನೇ ಇರೋ, ಆದ್ರೆ ನಳಿಗೆಯಲ್ಲಿ ಗೆರೆ ಇಲ್ಲದ ನುಣುಪು ಬಂದೂಕು ಮಾಡಿಸಿದ್ರು. ದೂರಕ್ಕೆ ಹೊಡೆಯೋ ಶಕ್ತಿ ಬಿಳಿಯರ ಕೈಯಲ್ಲಿ ಮಾತ್ರ ಇರಲಿ ಅಂತ. ಜನರ ಕೈಯಿಂದ ಆಯುಧ ಕಿತ್ಕೊಳ್ಳೋ ಕಾನೂನು ಬಂತು. 1878ರ ಆಯುಧ ಕಾಯ್ದೆಯಲ್ಲಿ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯೂರೋಪಿಯನ್ನರಿಗೆ ವಿನಾಯಿತಿ. ಬಂದೂಕು ಬೇಕೋ ಬೇಡವೋ ಅನ್ನೋದು ಬೇರೆ ಮಾತು. ಒಂದು ವಿದ್ಯೆಯನ್ನ ಚರ್ಮದ ಬಣ್ಣ ನೋಡಿ ಹಂಚಿದ್ರು ಅನ್ನೋದು ನೆನಪಿರಬೇಕು.

ಇದಕ್ಕೆ ಕರ್ನಾಟಕದಲ್ಲಿ ಒಂದು ದೊಡ್ಡ ಹೊರತು ಕೊಡಗು. ಮೈಸೂರು, ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್, 1861ರಲ್ಲಿ ಕೊಡವರಿಗೆ ಆ ನಿರಾಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಅದು ಸ್ವಾತಂತ್ರ್ಯ ಬಂದ ಮೇಲೂ ಮುಂದುವರೀತು. ಈಗಲೂ ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ವಿಸ್ತರಿಸಿತು. ಪ್ರಶ್ನೆ ಮಾಡಿ ಹಾಕಿದ್ದ ಅರ್ಜಿಯಲ್ಲಿ 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನ ಎತ್ತಿಹಿಡೀತು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬ. ನಾಟಿ ಕೆಲಸ ಮುಗಿದ ಮೇಲೆ ನೇಗಿಲು, ಎತ್ತು, ಕತ್ತಿ, ಕೋವಿ ಎಲ್ಲದಕ್ಕೂ ಪೂಜೆ. ನಮ್ಮ ಆಯುಧಪೂಜೆ ಇದ್ದ ಹಾಗೆ. ಕೋವಿಯ ಬಾಯಿಗೆ ತೋಕ್ ಪೂ ಅನ್ನೋ ಕೆಂಪು ಹಳದಿ ಹೂ ಸಿಗಿಸ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಅಂದ್ರೆ ಕೋವಿ. ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಮನೆಯಲ್ಲಿ ಸಾವಾದ್ರೆ ಎರಡು. ಹಬ್ಬದ ಪೂಜೆ ಆದ ಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪಂದ್ಯ. ಇವತ್ತಿಗೂ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತೆ. ಹೆಂಗಸರೂ ಹೊಡೀತಾರೆ.

ಅವರ ಪಂದ್ಯದಲ್ಲಿ ನಾವು ಗಮನಿಸಬೇಕಾದ್ದು ಕಾಯಿ ಅಲ್ಲ, ಕಾಯಿ ಹಿಂದೆ ಏನಿದೆ ಅನ್ನೋದು. ಪಂದ್ಯಕ್ಕೆ ಜಾಗ ಆರಿಸುವಾಗ ಗುಂಡು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಮೊದಲು ನೋಡ್ತಾರೆ. ಮಕ್ಕಳಿಗೆ ಮನೆಯ ಹಿರಿಯರು ಕೋವಿಯ ಬಾಯಿ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು ಅಂತ ಕಲಿಸಿದ ಮೇಲೇ ಕೋವಿ ಕೈಗೆ ಕೊಡೋದು. ತಲೆಮಾರುಗಳ ಶಿಸ್ತು ಅದು, ಅಂಗಡಿಯಲ್ಲಿ ಸಿಗಲ್ಲ. ಅಷ್ಟಿದ್ದೂ ಮಲೆನಾಡಿನ ಕಡೆಯಿಂದ ಹಂದಿ ಅಂತ ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಆಗಾಗ ಬರ್ತಾನೇ ಇರುತ್ತೆ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಇದನ್ನ ಇಟ್ಟು ನೋಡಿ. ಇಲ್ಲಿ ಗುಡ್ಡ ಕಡಿಮೆ, ಬಯಲು ಜಾಸ್ತಿ. ಎಲ್ಲರದ್ದೂ ತೋಟದ ಮನೆ. ನಿಮ್ಮ ಬದು ಮುಗಿದ ಕಡೆ ಇನ್ನೊಬ್ಬರ ಮನೆ ಜಗಲಿ. ಅತಿ ಸಣ್ಣದು ಅನ್ನೋ ಪಾಯಿಂಟ್ ಟೂ ಟೂ ಗುಂಡು ಸಹ ಒಂದೂವರೆ ಮೈಲಿ ಹೋಗಬಲ್ಲದು. ತೆಂಗಿನ ಮರದ ಕಾಂಡಕ್ಕೆ ಓರೆಯಾಗಿ ತಗುಲಿದ್ರೆ ಎತ್ತ ಚಿಮ್ಮುತ್ತೋ ಯಾರಿಗೂ ಗೊತ್ತಾಗಲ್ಲ. ರಾತ್ರಿ ಟಾರ್ಚು ಹಾಕಿದಾಗ ಎರಡು ಕಣ್ಣು ಹೊಳೆದವು ಅಂತ ಹೊಡೆದ್ರೆ, ಅದರ ಹಿಂದೆ ಮೂವತ್ತನೇ ಸಾಲಿನಲ್ಲಿ ನೀರು ಕಟ್ಟೋಕೆ ಬಂದಿರೋರು ಯಾರು? ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟಾಗ ನಾವೆಲ್ಲಾ ಓಡಾಡೋದು ಅದೇ ಹೊತ್ತಲ್ಲಿ ತಾನೇ?

ಕಾನೂನೂ ಇದನ್ನ ಯೋಚಿಸಿಯೇ ಇದೆ. 1959ರ ಆಯುಧ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಹೇಳಿರೋದು ಬಾಯಿಂದ ಮದ್ದು ತುಂಬೋ ಕೋವಿ. ಆತ್ಮರಕ್ಷಣೆಗೆ, ಕ್ರೀಡೆಗೆ ಅಂತ 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ಬಂದೂಕು. ಛರ್ರಾ ಕೆಲಸ ಮಾಡೋದು ಸುಮಾರು 40 ಗಜ, ನಾಲ್ಕು ಮರದ ಅಂತರ. ಹತ್ತಿರದ ಆಯುಧವನ್ನೇ ರೈತನಿಗೆ ಇಟ್ಟಿರೋದರಲ್ಲಿ ಅರ್ಥ ಇದೆ. 2016ರ ನಿಯಮದ ಪ್ರಕಾರ ಲೈಸೆನ್ಸ್ ಬೇಕು ಅನ್ನೋರು ಸುರಕ್ಷತಾ ತರಬೇತಿಯನ್ನೂ ಪಡೀಬೇಕು. ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಕೊಲ್ಲೋ ಹಕ್ಕು ಬರಲ್ಲ. ಚಿರತೆ, ನವಿಲು ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಇನ್ನು ಬೇಲಿಗೆ ಕರೆಂಟ್ ಬಿಡೋದು, ಸಿಡಿಮದ್ದು ಇಡೋದು ಕೋವಿಗಿಂತಲೂ ಕುರುಡು. ಅದು ದನ ಯಾವುದು, ಮನುಷ್ಯ ಯಾರು ಅಂತ ನೋಡಲ್ಲ.

ಮಕ್ಕಳಿಗೆ ಗುರಿ ಹೊಡೆಯೋ ಆಸೆ ಇದ್ರೆ ಅದಕ್ಕೆ ಬೇರೆ ದಾರಿ ಇದೆ. ಬೆಂಗಳೂರಿನಲ್ಲಿ ಏರ್ ರೈಫಲ್ ಕಲಿಸೋ ರೇಂಜುಗಳಿವೆ. 10 ಮೀಟರ್ ಅಂದ್ರೆ ನಮ್ಮ ಒಂದು ಮರದ ಅಂತರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದ್ರೆ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಲೆ ನಮ್ಮ ಬೆಳಗಾವಿ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹಳ್ಳಿ ಹುಡುಗ. ದೂರ ಹೊಡೆಯೋ ವಿದ್ಯೆಯ ಬುನಾದಿ ಎಲ್ಲಾ ಆ ಹತ್ತು ಮೀಟರಿನಲ್ಲೇ ಸಿಗುತ್ತೆ.

ಹಂದಿಗೆ ಏನು ಮಾಡೋದು ಅಂತ ಕೇಳ್ತೀರ. ಸೋಲಾರ್ ಬೇಲಿ, ಸಸಿ ಸುತ್ತ ಜಾಲರಿ, ಅರಣ್ಯ ಇಲಾಖೆಗೆ ಫೋಟೋ ಸಮೇತ ಪರಿಹಾರದ ಅರ್ಜಿ, ಇವುಗಳಲ್ಲಿ ಯಾರಿಗೆ ಯಾವುದು ಎಷ್ಟು ಕೆಲಸ ಮಾಡಿದೆ ಅಂತ ಕೆಳಗೆ ಬರೀರಿ. ಖರ್ಚು ಎಷ್ಟಾಯ್ತು ಅಂತಲೂ ಬರೀರಿ, ಉಳಿದವರಿಗೆ ಉಪಯೋಗ ಆಗುತ್ತೆ. ಹಾಗೇ ಇವತ್ತು ಸಂಜೆ ತೋಟಕ್ಕೆ ಹೋದಾಗ ಹಂದಿ ಬರೋ ಜಾಗದಲ್ಲಿ ನಿಂತು, ಅಲ್ಲಿಂದ ಪಕ್ಕದವರ ಮನೆ ದೀಪದ ತನಕ ಎಷ್ಟು ಮರ ಅಂತ ಒಂದ್ಸಲ ಎಣಿಸಿ ನೋಡಿ.