ಕಲ್ಲು ನುಂಗಿದ ಕೋಶ

ಕುಷ್ಟಗಿ ಭಾಗದ ಗ್ರಾನೈಟ್ ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡುವವನ ಕಣ್ಣಿನ ರೆಪ್ಪೆ ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗಿರುತ್ತದೆ. ಬಾಯಿಗೆ ಸುತ್ತಿದ ಟವೆಲ್ ದಪ್ಪ ಧೂಳನ್ನೇನೋ ತಡೆಯುತ್ತದೆ. ಆದರೆ ಕೇಡಿರುವುದು ಕಣ್ಣಿಗೆ ಕಾಣದ ಧೂಳಿನಲ್ಲಿ. 5 ಮೈಕ್ರಾನ್‌ಗಿಂತ ಸಣ್ಣ ಕಣ ನೂಲಿನ ಸಂದಿಯಲ್ಲಿ ನುಸುಳಿ ಶ್ವಾಸಕೋಶದ ಗಾಳಿಚೀಲದವರೆಗೆ ಹೋಗುತ್ತದೆ. ಗ್ರಾನೈಟಿನಲ್ಲಿ ಕನಿಷ್ಠ ಐದರಲ್ಲೊಂದು ಪಾಲು ಬೆಣಚು, ಅಂದರೆ ಸ್ಫಟಿಕ ಸಿಲಿಕಾ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಅದನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕರ್ನಾಟಕಕ್ಕೆ ಈ ಧೂಳಿನ ಪರಿಚಯ ಹಳೆಯದು. 1940–46ರ ನಡುವೆ ಕೋಲಾರದ ಚಿನ್ನದ ಗಣಿಯಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಮಂದಿಗೆ ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಇತ್ತು. ಆ ಕಾಲದ ವೈದ್ಯರು ಎಕ್ಸ್‌ರೇಯ ಮಚ್ಚೆ ಎಣಿಸಬಲ್ಲವರಾಗಿದ್ದರು. ಮಚ್ಚೆ ಕಾಣುವ ಮೊದಲು ಮೈಯೊಳಗೆ ಏನು ನಡೆದಿತ್ತು ಎಂದು ನೋಡುವ ಸಲಕರಣೆ ಅವರ ಬಳಿ ಇರಲಿಲ್ಲ.

ಸುಳಿವುಗಳು ಮಾತ್ರ ಅದಕ್ಕೂ ಮೊದಲೇ ಸಿಕ್ಕಿದ್ದವು. 1897ರಲ್ಲಿ ಸ್ವೀಡನ್ನಿನ ಸ್ಯಾಂಟೆಸನ್, ಸೈಕಲ್ ಟೈರ್ ಕಾರ್ಖಾನೆಯಲ್ಲಿ ಬೆಂಜೀನ್ ಎಂಬ ದ್ರಾವಕ ಬೆರೆತ ಗಾಳಿಯಲ್ಲಿ ದುಡಿದ ಯುವತಿಯರ ರಕ್ತ ಕೆಟ್ಟು ಸಾವಾದುದನ್ನು ದಾಖಲಿಸಿದರು. 1914ರಲ್ಲಿ ಎಡಿನ್‌ಬರೋದ ಬ್ರಾಮ್‌ವೆಲ್ ಕಂಡ 9 ಚರ್ಮಗಡಸು (ಸ್ಕ್ಲೆರೋಡರ್ಮಾ) ರೋಗಿಗಳಲ್ಲಿ 5 ಮಂದಿ ಕಲ್ಲುಕುಟಿಗರು. ತಣ್ಣನೆಯ ಉಳಿ ಹಿಡಿದದ್ದೇ ಕಾರಣವಿರಬೇಕು ಎಂದುಕೊಂಡರು. ಮೈ ತನ್ನ ಮೇಲೇ ತಿರುಗಿಬೀಳುವ ಇಂಥ ರೋಗಕ್ಕೂ ಸಿಲಿಕಾಕ್ಕೂ ಇರುವ ನಂಟು ಆಮೇಲೆ ಬಿಚ್ಚಿಕೊಂಡಿತು.

ಒಳಗುಟ್ಟು ಸ್ಪಷ್ಟವಾದದ್ದು 2008ರಲ್ಲಿ, ಹಲವು ಪ್ರಯೋಗಾಲಯಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೆ. ಗಾಳಿಚೀಲದಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶ ಹೊರಗಿನಿಂದ ಬಂದದ್ದನ್ನೆಲ್ಲ ನುಂಗಿ ಅರಗಿಸುತ್ತದೆ. ಕಲ್ಲು ಅರಗುವುದಿಲ್ಲ. ನುಂಗಿದ ಹರಳು ಕೋಶದೊಳಗಿನ ಜೀರ್ಣಚೀಲವನ್ನೇ ಒಡೆಯುತ್ತದೆ. ಆಗ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಕೂಟ ಎಚ್ಚೆತ್ತು, ಇಂಟರ್‌ಲ್ಯೂಕಿನ್-1 ಬೀಟಾ ಹೊರಬಿದ್ದು ಉರಿಯೂತ ಶುರುವಾಗುತ್ತದೆ. ಕೋಶ ಸತ್ತರೆ ಅದೇ ಹರಳನ್ನು ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಕ್ವಾರಿ ಬಿಟ್ಟು ಎಷ್ಟೋ ವರ್ಷವಾದ ಮೇಲೂ ರೋಗ ಬೆಳೆಯುವುದು ಇದರಿಂದಲೇ. ಆರದ ಉರಿಯೂತ ಅಕ್ಕಪಕ್ಕದ ಕೋಶಗಳ ಡಿಎನ್‌ಎ ಕೆಡಿಸಿ ಕ್ಯಾನ್ಸರಿಗೆ ನೆಲ ಹದಮಾಡುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಅಡಗಿ ಕೂರುವುದೂ ಇದೇ ಮ್ಯಾಕ್ರೋಫೇಜಿನಲ್ಲಿ. ಕಾವಲುಗಾರ ಸೋತಲ್ಲಿ ಅದಕ್ಕೆ ದಾರಿ ಸಲೀಸು.

ಬೆಂಜೀನಿನ ರೀತಿ ಬೇರೆ. ಅದು ನಿರೋಧಕ ಶಕ್ತಿಯನ್ನು ಕೆರಳಿಸುವುದಕ್ಕಿಂತ ಹೆಚ್ಚಾಗಿ ಕುಗ್ಗಿಸುತ್ತದೆ. ಚೀನಾದ ಟಿಯಾಂಜಿನ್‌ನ ಚಪ್ಪಲಿ ಕಾರ್ಖಾನೆಗಳ 250 ಕಾರ್ಮಿಕರನ್ನು ಬೇರೆ ಕೆಲಸದ 140 ಮಂದಿಯೊಂದಿಗೆ ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಬೆಂಜೀನ್ ಹತ್ತು ಲಕ್ಷಕ್ಕೆ 1 ಪಾಲಿಗಿಂತ ಕಡಿಮೆ ಇದ್ದ ಕಡೆಯೂ ಬಿಳಿರಕ್ತಕಣಗಳು ಇಳಿದಿದ್ದವು. ಸುರಕ್ಷಿತ ಎಂದು ನಂಬಿದ್ದ ಮಟ್ಟ ಅದು! 2016ರ ಹೊತ್ತಿಗೆ ಕ್ಯಾನ್ಸರ್‌ಕಾರಕಗಳಿಗೆ ವಿಜ್ಞಾನಿಗಳು ಗುರುತಿಸಿದ 10 ಮುಖ್ಯ ಲಕ್ಷಣಗಳಲ್ಲಿ ಎರಡು ನೇರವಾಗಿ ಇಲ್ಲಿಗೇ ಸೇರಿದವು: ದೀರ್ಘಕಾಲದ ಉರಿಯೂತ ಮತ್ತು ರೋಗನಿರೋಧಕ ಶಕ್ತಿಯ ಕುಸಿತ.

ಕೊಪ್ಪಳ ಜಿಲ್ಲೆಯಲ್ಲಿ ಈ ವಿಜ್ಞಾನಕ್ಕೆ ಕೆಲಸ ಬೇಕಾದಷ್ಟಿದೆ. ಗಂಗಾವತಿಯ ರೈಸ್ ಮಿಲ್‌ಗಳಲ್ಲಿ ಭತ್ತದ ಹೊಟ್ಟು ಉರಿದು ಉಳಿಯುವ ಬೂದಿಯ ಬಹುಪಾಲು ಸಿಲಿಕಾ. ಕಾವು ಮಿತಿಯಲ್ಲಿದ್ದರೆ ಅದು ಹರಳುಗಟ್ಟದ, ಅಷ್ಟೇನೂ ಅಪಾಯವಿಲ್ಲದ ರೂಪ. ಕಾವು ವಿಪರೀತ ಏರಿದರೆ ಹರಳುಗಟ್ಟುತ್ತದೆ. ಗಿಣಿಗೇರಿ ಸುತ್ತಲಿನದು ಕಬ್ಬಿಣ, ಉಕ್ಕಿನ ಲೋಕ. ಎರಕದ ಕೆಲಸವೂ ವೆಲ್ಡಿಂಗ್ ಹೊಗೆಯೂ ಅದೇ ಮೊದಲ ಗುಂಪಿನಲ್ಲಿವೆ. ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಗವಿಮಠದ ಸ್ವಾಮೀಜಿಯೊಂದಿಗೆ ಕೊಪ್ಪಳದ ಜನ ಬೀದಿಗಿಳಿದರು. ಊರಿನವರು ಅಂಜುವ ಗಾಳಿಯನ್ನು ಗೇಟಿನ ಒಳಗಿನವರು ಇನ್ನೂ ಹತ್ತಿರದಿಂದ, ಪಾಳಿ ಪಾಳಿಯಾಗಿ ಉಸಿರಾಡುತ್ತಾರೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದ ಊರುಗಳಿಂದ ಗುಳೆ ಹೋದವರ ಕಥೆ ಇನ್ನೂ ಕಷ್ಟದ್ದು. ಬೆಂಗಳೂರಿನಲ್ಲಿ ಟೈಲ್ಸ್ ಕೊಯ್ದ ಧೂಳು ಮೈಯಲ್ಲಿ ಉಳಿಯುತ್ತದೆ, ಕಾಗದದಲ್ಲಿ ಉಳಿಯುವುದಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಿಲಿಕೋಸಿಸ್ಸಿನ ಸುಳಿವನ್ನು ಬೇಗ ಹಿಡಿಯಲು ಸಿಸಿ16 ಎಂಬ ಪ್ರೋಟೀನನ್ನು ಅಳೆಯುವ ಕಿಟ್ ರೂಪಿಸಿದೆ. ಉಸಿರುನಾಳದ ಕೋಶಗಳಿಂದ ಬರುವ, ಉರಿಯೂತ ತಣಿಸುವ ಈ ಪ್ರೋಟೀನ್ ಸಿಲಿಕಾ ಧೂಳು ಕುಡಿದವರ ರಕ್ತದಲ್ಲಿ ಕಡಿಮೆಯಾಗುತ್ತದೆ. ಬೀಡಿ ಸೇದುವವರಲ್ಲೂ ಕಡಿಮೆಯಾಗುತ್ತದೆ, ಹಾಗಾಗಿ ಇದೊಂದನ್ನೇ ನೆಚ್ಚುವಂತಿಲ್ಲ. ಮೊದಲ ಜರಡಿಯಾಗಿ ಬಳಸಲು ಅಡ್ಡಿಯಿಲ್ಲ.

ಸಿಲಿಕೋಸಿಸ್ ಮತ್ತು ಕ್ಷಯ ಎರಡರಲ್ಲೂ ಕೆಮ್ಮು, ತೂಕ ಇಳಿಯುವುದು, ಎದೆಯ ಎಕ್ಸ್‌ರೇಯಲ್ಲಿ ನೆರಳು. ಕ್ಷಯದ ಮಾತ್ರೆಗೆ ಬಗ್ಗದ ರೋಗಿಯ ಹಿಂದೆ ಎಷ್ಟೋ ಸಲ ಕಲ್ಲಿನ ಧೂಳು ಇರುತ್ತದೆ. ವೈದ್ಯರು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸಿಲಿಕೋಸಿಸ್ಸನ್ನು 1948ರ ಕಾರ್ಖಾನೆ ಕಾಯ್ದೆಯೇ ಸೇರಿಸಿತ್ತು. ಜಿಲ್ಲೆಯ ಒಪಿಡಿಗಳಲ್ಲಿ ಕೆಮ್ಮಿಕೊಂಡು ಬಂದವರ ಚೀಟಿಯ ಮೇಲೆ ಒಂದು ಸಾಲು ಹೆಚ್ಚು ಬರೆಯಲಿ: ಏನ್ ಕೆಲಸ ಮಾಡ್ತಿದ್ರಿ, ಎಲ್ಲಿ, ಎಷ್ಟ್ ವರ್ಷ?