ಹಾಸನ ಜಿಲ್ಲೆಯಲ್ಲಿ ಪ್ರಿಮ್ರೋಸ್ ಬಳಗ: ವಾಯುವಿಳಂಗದ ಗುರುತು ಮತ್ತು ಬೇಸಾಯ

ಹಿಮಾಲಯದ ಇಳಿಜಾರುಗಳಲ್ಲಿ ಹಿಮ ಕರಗುತ್ತಿದ್ದಂತೆ ಅರಳುವ ಪ್ರಿಮುಲಾ ದಕ್ಷಿಣ ಭಾರತದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವುದಿಲ್ಲ. ಆದರೆ ಅದರ ಬಂಧುಗಳು ಮಲೆನಾಡಿನಲ್ಲಿವೆ. ವಂಶವಾಹಿ ಅಧ್ಯಯನಗಳ ಆಧಾರದ ಮೇಲೆ ಹೂಬಿಡುವ ಸಸ್ಯಗಳ 2009ರ ಎಪಿಜಿ ವರ್ಗೀಕರಣವು ಮಿರ್ಸಿನೇಸೀ ಕುಟುಂಬವನ್ನು ಪ್ರಿಮುಲೇಸೀಯೊಳಗೆ ಸೇರಿಸಿತು. ಹೀಗೆ ಆಯುರ್ವೇದದ ವಾಯುವಿಳಂಗ, ಅಂದರೆ ಎಂಬೀಲಿಯಾ ರೈಬೀಸ್, ಪ್ರಿಮ್ರೋಸ್ ಬಳಗಕ್ಕೆ ಬಂತು. ಒಂದು ಮರವನ್ನೇ ಹತ್ತುವ ಬಳ್ಳಿಗೂ ಗೇಣುದ್ದದ ಹೂಗಿಡಕ್ಕೂ ಏನು ನಂಟು ಎನಿಸಬಹುದು. ಮಸೂರವಿಟ್ಟು ಹೂವನ್ನು ನೋಡಿದರೆ ಅದು ಗೊತ್ತಾಗುತ್ತದೆ. ಸಾಮಾನ್ಯವಾಗಿ ಕೇಸರಗಳು ಎರಡು ದಳಗಳ ನಡುವಿನ ಸಂದಿನಲ್ಲಿರುತ್ತವೆ. ಈ ಎರಡರಲ್ಲೂ ಅವು ದಳಗಳಿಗೆ ನೇರ ಎದುರಾಗಿ ನಿಂತಿರುತ್ತವೆ.

ವಾಯುವಿಳಂಗವನ್ನು ಬೆಳೆಸುವ ಪ್ರಶ್ನೆ ಮಣ್ಣು, ನೀರುಗಳಿಗಿಂತ ಮೊದಲು ಗುರುತಿನ ಪ್ರಶ್ನೆ ಎಂಬುದು ನನ್ನ ವಾದ. ಆ ಗುರುತಿನ ಇತಿಹಾಸದ ಒಂದು ಮುಖ್ಯ ಎಳೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಮೂಲಕ ಹಾದುಹೋಗಿದೆ.

ಟಿಪ್ಪುವಿನ ಪತನದ ಬೆನ್ನಲ್ಲೇ ಮೈಸೂರು ಸೀಮೆಯ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹಾರನಹಳ್ಳಿ, ಬಾಣಾವರ, ಹಳೇಬೀಡು, ಬೇಲೂರುಗಳನ್ನು ದಾಟಿಹೋದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಇತಿಹಾಸಕಾರರು ಅದನ್ನು ಕಂದಾಯಕ್ಕಾಗಿ, ಬೆಳೆಗಳ ವಿವರಕ್ಕಾಗಿ ಓದುತ್ತಾರೆ. ಬುಕಾನನ್ ಸಸ್ಯಶಾಸ್ತ್ರಜ್ಞನೂ ಆಗಿದ್ದ ಎಂಬುದು ಹಿಂದೆ ಸರಿದುಬಿಡುತ್ತದೆ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ ಅವನು ಮಲಬಾರಿನ ಸಸ್ಯಗಳ ಗ್ರಂಥವಾದ ‘ಹೋರ್ಟಸ್ ಮಲಬಾರಿಕಸ್’ಗೆ ದೀರ್ಘ ವ್ಯಾಖ್ಯಾನ ಬರೆದ, 1822ರಿಂದ ಅದು ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ಅವಧಿಯಲ್ಲಿ ಹೊರಬಂದ ಆ ಹನ್ನೆರಡು ಸಂಪುಟಗಳೇ ಎಂಬೀಲಿಯಾ ಕುಲದ ಇನ್ನೊಂದು ಪ್ರಭೇದಕ್ಕೆ ‘ಚೆರಿಯಂ ಕೊಟ್ಟಂ’ ಎಂಬ ಹೆಸರನ್ನು ಕೊಟ್ಟವು.

ಬುಕಾನನ್‌ನ ಪ್ರವಾಸದ ಸುಮಾರು ನೂರ ಎಪ್ಪತ್ತು ವರ್ಷಗಳ ಬಳಿಕ, 1960ರ ದಶಕದ ಕೊನೆಯ ಹೊತ್ತಿಗೆ, ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಅವರ ತಂಡ ಹಾಸನ ಜಿಲ್ಲೆಯ ಗಿಡಗಳನ್ನು ಸಂಗ್ರಹಿಸತೊಡಗಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಜೊತೆಗೂಡಿದರು, ಟಿ.ಪಿ. ರಾಮಮೂರ್ತಿಯವರಂಥ ಕಿರಿಯರು ಅನೇಕ ಸಸ್ಯಗಳ ವಿವರಣೆ ಬರೆದರು. ಅರಸೀಕೆರೆಯ ಕುರುಚಲು ಗುಡ್ಡಗಳಿಂದ ಸಕಲೇಶಪುರದ ಮಳೆಕಾಡಿನವರೆಗೆ ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ನೆಲ ಸಿಗುವುದು ಅಪರೂಪ. 1976ರಲ್ಲಿ ಹೊರಬಂದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಇಂದಿಗೂ ಕರ್ನಾಟಕದ ಅತ್ಯುತ್ತಮ ಜಿಲ್ಲಾ ಸಸ್ಯಗ್ರಂಥಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ. ಆ ಕಾಲೇಜಿನ ಒಣಸಸ್ಯ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ನಿಕಲ್ಸನ್ ಅವರೂ ಹಾಸನದ ನಂತರ ವಾನ್ ರೀಡ್‌ನತ್ತ ಹೊರಳಿದರು: ಸಿ.ಆರ್. ಸುರೇಶ್, ಕೆ.ಎಸ್. ಮಣಿಲಾಲ್ ಅವರೊಂದಿಗೆ ‘ಹೋರ್ಟಸ್ ಮಲಬಾರಿಕಸ್’ನ ಸಸ್ಯಗಳ ಗುರುತನ್ನು ನಿರ್ಧರಿಸುವ ಗ್ರಂಥವನ್ನು 1988ರಲ್ಲಿ ಪ್ರಕಟಿಸಿದರು. ಬುಕಾನನ್ ಹಿಡಿದ ಕೆಲಸವನ್ನೇ ಹಾಸನದ ಕಾಡು ಸುತ್ತಿದ ಇನ್ನೊಬ್ಬರು ಮುಂದುವರಿಸಿದಂತಾಯಿತು.

ಈ ವಿದ್ವತ್ತು ನರ್ಸರಿಗೆ ಯಾಕೆ ಬೇಕು? ಚರಕ ಸಂಹಿತೆ ವಿಡಂಗವನ್ನು, ಅಂದರೆ ವಾಯುವಿಳಂಗವನ್ನು, ಕ್ರಿಮಿನಾಶಕ ದ್ರವ್ಯಗಳಲ್ಲಿ ಎಣಿಸಿದೆ. ಆದರೆ ಗ್ರಂಥಿಗೆ ಅಂಗಡಿಯಲ್ಲಿ ಆ ಹೆಸರಿಗೆ ಸಿಗುವ ಕಾಳು ಎಂಬೀಲಿಯಾ ರೈಬೀಸ್ ಇರಬಹುದು, ಚೆರಿಯಂ ಕೊಟ್ಟಂ ಇರಬಹುದು, ಅದೇ ಬಳಗದ ಮೀಸಾ ಇರಬಹುದು, ಹಿಮಾಲಯದ ಮಿರ್ಸಿನ್ ಕೂಡ ಇರಬಹುದು. ರೈಬೀಸ್ ತೇವದ ಕಾಡಿನ ಬಳ್ಳಿ. ಹೂಗೊಂಚಲು ರೆಂಬೆಯ ತುದಿಯಲ್ಲಿ ಕವಲೊಡೆಯುತ್ತದೆ, ಒಣಗಿದ ಹಣ್ಣು ಕಾಳುಮೆಣಸನ್ನು ಹೋಲುತ್ತದೆ. ಚೆರಿಯಂ ಕೊಟ್ಟಂ ಎಲೆ ಉದುರುವ ಕಾಡಿನ ಪೊದೆ ಅಥವಾ ಸಣ್ಣ ಮರ. ಹೂಗೊಂಚಲು ಎಲೆಯ ಕಂಕುಳಲ್ಲಿ ಮೂಡುತ್ತದೆ, ಹಣ್ಣಿಗೆ ಕೆಂಪು ಛಾಯೆ. ಗೊಂಚಲು ಎಲ್ಲಿ ಹುಟ್ಟಿದೆ ಎಂಬುದನ್ನು ನೋಡಿದರೆ ಇವೆರಡರ ಗೊಂದಲ ಬಹುಮಟ್ಟಿಗೆ ತೀರುತ್ತದೆ. ಕಾಳು ಮಾತ್ರ ಕೈಗೆ ಬಂದರೆ ಆ ಅವಕಾಶ ಇರುವುದಿಲ್ಲ.

2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿ ವಾಯುವಿಳಂಗವನ್ನು ಆದ್ಯತೆಯ ಸಸ್ಯಗಳ ಪಟ್ಟಿಯಲ್ಲಿಟ್ಟಿದೆ. ಆದರೂ ಮಾರುಕಟ್ಟೆಯ ಬಹುಪಾಲು ಸರಕು ಕಾಡಿನಿಂದಲೇ ಬರುತ್ತದೆ. ಬೀಜ ಸುಲಭವಾಗಿ ಮೊಳೆಯುವುದಿಲ್ಲ; ಅನೇಕ ಬೀಜಗಳಲ್ಲಿ ಭ್ರೂಣ ಜೊಳ್ಳು. ಗಿಬ್ಬೆರೆಲಿಕ್ ಆಮ್ಲದ ಉಪಚಾರ, ಅಂಗಾಂಶ ಕೃಷಿ ಎರಡರ ಪ್ರಯೋಗವೂ ನಡೆದಿದೆ. ರೈತರಿಗೆ ಸಾಧ್ಯವಾದ ದಾರಿ ಹೀಗಿದೆ: ಪೂರ್ತಿ ಮಾಗಿದ ಹಣ್ಣನ್ನೇ ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಗೋಡುಮಣ್ಣು ಹಾಗೂ ಮರಳು ಬೆರೆಸಿದ ಮಡಿಯಲ್ಲಿ ಧಾರಾಳವಾಗಿ ಬಿತ್ತುವುದು, ಬದುಕಿದ ಸಸಿಗಳನ್ನು ಮುಂಗಾರಿನಲ್ಲಿ ಆಸರೆ ಮರದ ಬುಡಕ್ಕೆ ನೆಡುವುದು.

ಅರಸೀಕೆರೆಯ ತೆಂಗಿನ ತೋಟಕ್ಕೆ ಈ ಬಳ್ಳಿಯನ್ನು ಶಿಫಾರಸು ಮಾಡಲಾರೆ. ಅಲ್ಲಿನ ಒಣಹವೆ ಅದಕ್ಕೆ ಒಗ್ಗದು. ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ನೆರಳುಮರಗಳು, ತೇವ, ಬಳ್ಳಿ ನಿರ್ವಹಣೆಯ ಅನುಭವ ಎಲ್ಲವೂ ಇವೆ. ಬೀಜದ ತಾಯಿಬಳ್ಳಿಯನ್ನು ಹೂವಿನ ಕಾಲದಲ್ಲೇ ನೋಡಿ ಗುರುತು ಕಟ್ಟಿ, ಅದರ ಒಂದು ರೆಂಬೆಯನ್ನು ಸಲ್ಡಾನ ತಂಡದ ಒಣಮಾದರಿಗಳೊಂದಿಗೆ ಹೋಲಿಸಿಕೊಂಡ ನಂತರವೇ ಸಸಿಮಡಿಯ ಕೆಲಸಕ್ಕೆ ಕೈಹಾಕಬೇಕು.