ಎರಡನೆಯ ಕಂಠದ ಚರಿತ್ರೆ: ಎಂ. ಎಸ್. ಸುಬ್ಬುಲಕ್ಷ್ಮಿ – ರಾಧಾ ವಿಶ್ವನಾಥನ್ ಅವರ ಕಚೇರಿ ಧ್ವನಿಮುದ್ರಿಕೆಗಳು

ಕರ್ನಾಟಕ ಸಂಗೀತದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ವಾಗ್ಗೇಯಕಾರರ ಮತ್ತು ಗುರುಪರಂಪರೆಗಳ ಮೂಲಕ ಅರಿತಿದ್ದೇವೆ. ಗಾಯಕರು ವೇದಿಕೆಯ ಮೇಲೆ ಬೆಳೆದ ಬಗೆಯನ್ನು ತಿಳಿಯಲು ಶ್ರೋತೃಗಳ ಸಮ್ಮುಖದಲ್ಲಿ ಮುದ್ರಿತವಾದ ಕಚೇರಿಗಳು ಮುಖ್ಯ ಆಕರಗಳು. ಚೆನ್ನೈಯನ್ನು ಕೇಂದ್ರವಾಗಿಸಿಕೊಂಡಿದ್ದ ಎಂ. ಎಸ್. ಸುಬ್ಬುಲಕ್ಷ್ಮಿ (1916–2004) ಮತ್ತು ಅವರ ಸಹಗಾಯಕಿ ರಾಧಾ ವಿಶ್ವನಾಥನ್ (1934–2018) ಅವರ ಧ್ವನಿಮುದ್ರಿಕೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ರಾಧಾ ಅವರು ಸುಬ್ಬುಲಕ್ಷ್ಮಿಯವರ ಪತಿ ಟಿ. ಸದಾಶಿವಂ ಅವರ ಮಗಳು. 1945ರ ತಮಿಳು ಚಿತ್ರ ‘ಮೀರಾ’ದಲ್ಲಿ ಬಾಲಮೀರೆಯಾಗಿ ಕಾಣಿಸಿಕೊಂಡ ಅವರು ಮುಂದೆ ದಶಕಗಳ ಕಾಲ ಸುಬ್ಬುಲಕ್ಷ್ಮಿಯವರೊಡನೆ ಹಾಡಿದರು. 1963ರ ‘ವೆಂಕಟೇಶ ಸುಪ್ರಭಾತ’ದಲ್ಲಿ ಇಬ್ಬರ ಕಂಠಗಳೂ ಜೊತೆಯಾಗಿ ಸಾಗುತ್ತವೆ. ಆದರೆ ಅದು ಧ್ವನಿಮುದ್ರಣಾಲಯದ ಕೃತಿ. ಅಲ್ಲಿ ಪಠ್ಯವೂ ಗತಿಯೂ ಪೂರ್ವನಿಶ್ಚಿತ.

1966ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆದ ಕಚೇರಿ ಮತ್ತು 1977ರ ಕಾರ್ನೆಗಿ ಹಾಲ್ ಕಚೇರಿ, ಇವೆರಡೂ ಧ್ವನಿಮುದ್ರಿಕೆಗಳಾಗಿ ಪ್ರಕಟವಾಗಿವೆ. ಕಚೇರಿಯಲ್ಲಿ ಮನೋಧರ್ಮಕ್ಕೆ, ಎಂದರೆ ಆ ಕ್ಷಣದ ಸ್ವತಂತ್ರ ಕಲ್ಪನೆಗೆ, ಅವಕಾಶವಿರುತ್ತದೆ. ಮುಖ್ಯ ಗಾಯಕಿಯ ಮುಂದಿನ ಹೆಜ್ಜೆಯನ್ನು ಸಹಗಾಯಕಿ ಊಹಿಸಬೇಕು; ಆಕೆ ಉಸಿರು ತೆಗೆದುಕೊಳ್ಳುವಾಗ ಎಳೆ ಕಡಿಯದಂತೆ ನಾದವನ್ನು ಹಿಡಿದು ನಿಲ್ಲಿಸಬೇಕು. ಸಹಗಾಯಕಿ ಪಳಗಿದಷ್ಟೂ ಆಕೆಯ ಪಾಲನ್ನು ಬೇರ್ಪಡಿಸಿ ಗುರುತಿಸುವುದು ಕಠಿಣವಾಗುತ್ತದೆ. ಹೀಗೆ ಆಕೆಯ ಸಾಧನೆಯೇ ಆಕೆಯ ಹೆಸರನ್ನು ಮರೆಸುತ್ತದೆ. ಈ ಕಾರಣದಿಂದ, ಇಂತಹ ಮುದ್ರಿಕೆಗಳನ್ನು ಒಬ್ಬರ ಗಾಯನದ ದಾಖಲೆಯೆಂದು ಮಾತ್ರ ಓದುವುದು ಅಸಮರ್ಪಕವೆಂದು ನಾವು ಭಾವಿಸುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೀರ್ಘಾವಧಿ ಧ್ವನಿತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು 20–25 ನಿಮಿಷಗಳ ಗಾಯನ; ಪೂರ್ಣ ಕಚೇರಿ ಎರಡು ಮೂರು ಗಂಟೆಗಳದ್ದು. ಆದುದರಿಂದ ತಟ್ಟೆಯಲ್ಲಿ ಆಲಾಪನೆ ಚಿಕ್ಕದಾಗಿದ್ದರೆ ಅದನ್ನು ಗಾಯಕಿಯರ ಆಯ್ಕೆಯೆಂದು ಒಮ್ಮೆಗೇ ನಿರ್ಣಯಿಸಲಾಗದು. ಚೆನ್ನೈಯ ಸಭೆಗಳ ಮತ್ತು ಆಕಾಶವಾಣಿಯ ಮುದ್ರಣಗಳೊಡನೆ ಹೋಲಿಸಿದಾಗಲೇ ಬೆಳವಣಿಗೆಯ ರೇಖೆ ಸ್ಪಷ್ಟವಾಗುತ್ತದೆ.

ಕನ್ನಡ ಅಧ್ಯಯನಕ್ಕೂ ಈ ವಿಷಯ ಪ್ರಸ್ತುತ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಚೇರಿ ಪದ್ಧತಿಯಲ್ಲಿ ದೇವರನಾಮಗಳಿಗೆ ಸಾಮಾನ್ಯವಾಗಿ ಉತ್ತರಭಾಗದಲ್ಲಿ ಸ್ಥಾನ. ಪುರಂದರದಾಸರ ‘ಜಗದೋದ್ಧಾರನ’ ಕನ್ನಡ ಬಾರದ ಅಸಂಖ್ಯ ಶ್ರೋತೃಗಳನ್ನು ಮುಟ್ಟಿದ್ದು ಸುಬ್ಬುಲಕ್ಷ್ಮಿಯವರ ಕಂಠದ ಮೂಲಕ. ಪದದ ನಡುವೆ ಉಸಿರು ಕಡಿದರೆ ಅರ್ಥವೂ ಕಡಿಯುತ್ತದೆ. ಕನ್ನಡ ಮಾತೃಭಾಷೆಯಲ್ಲದ ಗಾಯಕಿಯರು ಸಾಹಿತ್ಯವನ್ನು ಅಖಂಡವಾಗಿ ಉಳಿಸಿಕೊಳ್ಳುವುದರಲ್ಲಿ ಎರಡನೆಯ ಕಂಠದ ಪಾತ್ರವೆಷ್ಟು ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ.

ರಾಧಾ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 2018ರ ಜನವರಿಯಲ್ಲಿ ಅಲ್ಲಿಯೇ ನಿಧನರಾದರು. ಧ್ವನಿಮುದ್ರಿಕೆಗಳ ಸೂಚಿಗಳನ್ನು ಸಿದ್ಧಪಡಿಸುವ ಸಂಶೋಧಕರು ಸಹಗಾಯಕರ ಹೆಸರುಗಳನ್ನೂ ತಪ್ಪದೆ ನಮೂದಿಸಿದಲ್ಲಿ ಈ ಚರಿತ್ರೆಯ ಒಂದು ದೊಡ್ಡ ಕೊರತೆ ನೀಗುವುದು.